ಬನ್ನಿ ತಗೊಂಡ ದೈತ್ಯ

ಹೋದ ವಾರ ಅಟ್ಟದ ಮೇಲಿದ್ದ ಹಳೆಯ ಮಾನಿಟರನ್ನು ಗುಜರಿಯವನಿಗೆ ಹಾಕೋಣವೆಂದು ಕೆಳಗಿಳಿಸಿದೆ. ಬೆನ್ನಿನ ಸೀಳುಗಳ ತುಂಬ ಧೂಳು. ಬಟ್ಟೆ ತಗೊಂಡು ಒರೆಸುವಾಗ ಒಳಗಿಂದ ಸಣ್ಣ ಸಣ್ಣ ಒಣ ಎಲೆಗಳು ಉದುರಿದವು. ಬನ್ನಿ ಎಲೆ... ಯಾವ ದಸರೆಯದೆಂದು ನನಗೆ ಗೊತ್ತು. ಗುಜರಿಯವನಿಗೆ ಇನ್ನೊಮ್ಮೆ ಬಾರೆಂದು ಹೇಳಿ ಕಳಿಸಿದೆ.

ಆ ಮಾನಿಟರು ಬಾಜೂ ಮನೆ ವೈನಿಯದು. ಎರಡು ಸಾವಿರದ ಇಸವಿ ದಾಟಿದ ಹೊಸತರಲ್ಲಿ ಸೇಡಂನಿಂದ ಶಹಾಬಾದದ ನಮ್ಮ ಓಣಿಗೆ ಸೊಸೆಯಾಗಿ ಬಂದವಳು. ವಯಸ್ಸಿನಲ್ಲಿ ನನಗಿಂತ ಬಹಳ ಚಿಕ್ಕವಳು. ಆದರೆ ಆಕೆಯ ಗಂಡನಿಗೆ ನಾನು ಅಣ್ಣಾ ಅನ್ನುತ್ತಿದ್ದೆನಾದ್ದರಿಂದ ಆಕೆ ನನಗೆ ವೈನಿ, ಅಂದರೆ ಅತ್ತಿಗೆಯಾದಳು. ಎಲ್ಲರೂ ತವರಿನಿಂದ ಮಂಚ, ಅಲ್ಮಾರಿ ತಂದರೆ ಈಕೆ ಕಂಪ್ಯೂಟರ್ ತಂದಳು. ಗಂಡ ಸಿಮೆಂಟ್ ಕಾರ್ಖಾನೆಯ ಪಾಳಿಗೆ ಹೋದನೆಂದರೆ ಅದರ ಮುಂದೆ ಕೂತು ಆಟ ಆಡುತ್ತಿದ್ದಳು.

ಅಲ್ಲಿಯವರೆಗೆ ಓಣಿಯ ಮಕ್ಕಳೆಲ್ಲ ನನ್ನವರಾಗಿದ್ದರು. ಸಂಜೆ ದೇವರ ಮುಂದೆ ದೀಪ ಹಚ್ಚಿ ಕಟ್ಟೆಗೆ ಬಂದು ಕೂತರೆ ಸಾಕು, ಸುತ್ತ ನೆರೆಯುತ್ತಿದ್ದರು. ಬಂಡಿ ಅನ್ನ ತಿನ್ನುವ ರಾಕ್ಷಸ, ತಿಂಗಳುಗಟ್ಟಲೆ ಮಲಗುವ ರಾಕ್ಷಸ, ಎಲ್ಲರೂ ನನ್ನ ಬಾಯಿಂದಲೇ ಬರಬೇಕು. ರಾಕ್ಷಸನ ಗೊರಕೆಯನ್ನು ನನ್ನಂತೆ ಹೊಡೆಯುವವರು ಇಡೀ ಶಹಾಬಾದದಲ್ಲಿ ಇರಲಿಲ್ಲ, ಇದು ಜಂಬದ ಮಾತಲ್ಲ. ಮಗಳು ನನ್ನ ತೊಡೆಗೆ ಒರಗಿ ಬಾಯಿ ತೆರೆದು ಕೇಳುತ್ತಿದ್ದಳು. ನಿಜ ಹೇಳಬೇಕೆಂದರೆ, ಆ ತೆರೆದ ಬಾಯಿ ನೋಡಲಿಕ್ಕೆಂದೇ ನಾನು ಕತೆ ಹೇಳುತ್ತಿದ್ದೆ.

ವೈನಿ ಬಂದ ಮೇಲೆ ಒಬ್ಬೊಬ್ಬರೇ ಕಟ್ಟೆ ಬಿಟ್ಟರು. ಕೊನೆಗೆ ಮಗಳೂ ಹೋದಳು. ಅಂಥದ್ದೇನಿದೆ ಅಲ್ಲಿ ಎಂದು ಒಂದು ಸಂಜೆ ಹೆಪ್ಪು ಕೇಳುವ ನೆವ ಮಾಡಿಕೊಂಡು ನಾನೂ ಹೋದೆ. ನಮ್ಮ ಮನೆಯಲ್ಲಿ ಮೊಸರಿಗೇನೂ ಬರ ಇರಲಿಲ್ಲ ಬಿಡಿ.

ತೆರೆಯ ತುಂಬ ಒಬ್ಬ ದೈತ್ಯ. ಗಡ್ಡದಲ್ಲಿ ಮಂಜು ಹೆಪ್ಪುಗಟ್ಟಿತ್ತು, ಹೆಗಲ ಮೇಲೆ ಹುಲ್ಲು ಬೆಳೆದಿತ್ತು. ದೊಡ್ಡ ಕಲ್ಲಿನ ಬಾಗಿಲಿಗೆ ಬೆನ್ನು ಕೊಟ್ಟು ಮಲಗಿದ್ದ. ಉಸಿರಾಡಿದರೆ ಎದೆ ಮೇಲೆ ಕೆಳಗೆ ಆಗುತ್ತಿತ್ತು, ಅಷ್ಟೇ. ಮಕ್ಕಳು ಪಿಟ್ಟೆನ್ನದೆ ನೋಡುತ್ತಿದ್ದರು.

"ಇಂವ ಇಮಿರ ಅಂತ, ಅಕ್ಕಾ. ಎಲ್ಲೋ ಉತ್ತರದ ಮಂಜಿನ ದೇಶದ ಪುರಾಣದಾಗ ಮೊದಲನೇ ದೈತ್ಯ," ಎಂದಳು ವೈನಿ. "ದೇವರು ಇವನ್ನ ಕೊಂದು ಮೈಯಿಂದ ಮಣ್ಣು, ಎಲುಬಿಂದ ಗುಡ್ಡ ಮಾಡಿದ್ರಂತ. ಈ ಆಟದಾಗ ಇನ್ನಾ ಜೀವಂತ ಇಟ್ಟಾರ. ನಾವು ಕೊಂದ್ರ ಬಾಗಲಾ ತೆರೀತದ."

"ಮತ್ತ ಕೊಲ್ರಲ್ಲ ವೈನಿ, ಯಾಕ ಕಾಯ್ಲಿಕತ್ತೀರಿ?"

ಮಗಳು ತಿರುಗಿ ತುಟಿಯ ಮೇಲೆ ಬೆರಳಿಟ್ಟಳು. "ಸುಮ್ನ ಇರ್ ಅವ್ವಾ, ಮಲಗ್ಯಾನ."

ಹೆತ್ತ ತಾಯಿಯ ಬಾಯಿ ಮುಚ್ಚಿಸಿದ್ದು ಒಬ್ಬ ದೈತ್ಯನ ನಿದ್ದೆಗಾಗಿ! ಹೆಪ್ಪು ಕೇಳುವುದನ್ನೂ ಬಿಟ್ಟು ಎದ್ದು ಬಂದೆ. ಅಷ್ಟಕ್ಕೇ ಮುಗಿಯಲಿಲ್ಲ. ನಮ್ಮೂರಲ್ಲಿ ಅಂಗಳ, ಅಡುಗೆಮನೆ, ಬಚ್ಚಲು ಎಲ್ಲ ಕಡೆ ನೆಲಕ್ಕೆ ಹಾಸಿದ್ದು ಫರ್ಸಿ ಕಲ್ಲೇ. ಅದು ದೈತ್ಯನ ಎಲುಬೆಂದು ಮಗಳು ತುದಿಗಾಲಲ್ಲಿ ನಡೆಯತೊಡಗಿದಳು. ನಾನು ಬೇಕೆಂದೇ ದಪದಪ ಕಾಲು ಹಾಕಿದೆ.

ಅಷ್ಟರಲ್ಲಿ ದಸರೆ ಬಂತು. ನಮ್ಮ ಕಡೆ ಬಂಗಾರವೆನ್ನುವ ಬನ್ನಿ ತಂದವರು ಮೊದಲು ದೇವರಿಗೆ, ಆಮೇಲೆ ಮನೆಯ ಹಿರಿಯರಿಗೆ ಕೊಟ್ಟು ಕಾಲಿಗೆರಗಬೇಕು. ಹೊಸ ಸೀರೆ ಉಟ್ಟು ಬಾಗಿಲಲ್ಲೇ ನಿಂತಿದ್ದೆ. ಮಗಳು ಮುಷ್ಟಿಯ ತುಂಬ ಎಲೆ ಹಿಡಿದು ಓಡುತ್ತ ಬಂದವಳು, ನನ್ನನ್ನು ದಾಟಿ ವೈನಿಯ ಮನೆ ಹೊಕ್ಕಳು. ಬೆನ್ನು ಹತ್ತಿ ಹೋದರೆ ಏನು ನೋಡುವುದು? ಮಕ್ಕಳೆಲ್ಲ ಸೇರಿ ಮಾನಿಟರಿನ ನೆತ್ತಿಯ ಮೇಲೆ ಬನ್ನಿ ಇಡುತ್ತಿದ್ದರು. "ಬಂಗಾರ ತಗೊಂಡು ಬಂಗಾರದಂಗ ಇರೋಣ," ಎಂದು ನನ್ನ ಮಗಳು ಆ ರಾಕ್ಷಸನಿಗೆ ಕೈ ಮುಗಿದಳು.

ಇನ್ನು ಅವನನ್ನು ಕೊಂದು ಬಾಗಿಲು ತೆರೆಯೋಣವೇ ಎಂದು ಮಕ್ಕಳಲ್ಲೊಬ್ಬ ಕೇಳಿದ.

"ಬನ್ನಿ ಕೊಟ್ಟ ಮ್ಯಾಲ ಹೆಂಗ ಹೊಡೀತಾರೋ?" ಎಂದಳು ವೈನಿ, ಮುಖದಲ್ಲಿ ಒಂದಿಷ್ಟೂ ನಗುವಿಲ್ಲದೆ.

ಆ ಆಟ ಅಲ್ಲಿಂದ ಮುಂದೆ ಹೋಗಲಿಲ್ಲ. ಬಾಗಿಲ ಆಚೆ ಏನಿದೆಯೋ ಆಕೆ ಎಂದೂ ನೋಡಲಿಲ್ಲ. ದಿನಾ ಆಟ ಹಚ್ಚುವುದು, ಅವನ ಮುಂದೆ ಕೂಡುವುದು, ಅವನು ಕನಸಿನಲ್ಲಿ ಏನು ಕಾಣುತ್ತಿದ್ದಾನೆಂದು ಮಕ್ಕಳಿಗೆ ಹೇಳುವುದು...

ಅದೇ ದಸರೆಯ ಸಂಜೆ ವೈನಿ ಬನ್ನಿ ಹಿಡಿದು ನಮ್ಮ ಮನೆಗೂ ಬಂದಳು. ನಾನು ಕೈ ಚಾಚಲಿಲ್ಲ. "ಮೊದಲ ರಾಕ್ಷಸಗ, ಆಮ್ಯಾಲ ನನಗೇನ್ರಿ ವೈನಿ?" ಎಂದೆ. ಆಕೆ ನನ್ನ ಮುಖವನ್ನೇ ನೋಡಿ, "ಹೊಟ್ಟಿ ಉರೀಲಿಕತ್ತದೇನ್ರಿ ಅಕ್ಕಾ?" ಎಂದಳು.

"ಹೌದ್ರಿ. ಭಾಳ."

ವೈನಿಗೆ ನಗು ತಡೆಯಲಾಗಲಿಲ್ಲ. ಕಟ್ಟೆಯ ಮೇಲೆ ಕೂತು ಕಣ್ಣಲ್ಲಿ ನೀರು ಬರುವಷ್ಟು ನಕ್ಕಳು. ಕಡೆಗೆ ನನಗೂ ನಗು ಬಂತು, ಬನ್ನಿ ಇಸಿದುಕೊಂಡೆ. ಹೊಟ್ಟೆಕಿಚ್ಚೇನೂ ಆರಲಿಲ್ಲ. ಆದರೆ ಆ ದಿನದಿಂದ ಅದನ್ನು ಮುಚ್ಚಿಡುವ ಗರಜು ಬೀಳಲಿಲ್ಲ. ಓಣಿಯಲ್ಲಿ ಎದುರಾದರೆ, "ಇವತ್ತ ಎಷ್ಟ್ ಉರೀತ್ರಿ ಅಕ್ಕಾ?" ಎಂದು ಕೇಳುವಳು. ನಾನೂ ಹೇಳುವೆ.

ಮುಂದೆ ಕಾರ್ಖಾನೆ ನಿಂತು ಅವರು ವಾಡಿಗೆ ಹೋದರು. ಕೆಟ್ಟುಹೋಗಿದ್ದ ಮಾನಿಟರನ್ನು ಮಗಳು ಹಟ ಮಾಡಿ ಇಸಿದುಕೊಂಡಳು. ವೈನಿ ತೀರಿಕೊಂಡ ಸುದ್ದಿ ಹೋದ ವರ್ಷ ಬಂತು... ಮಣ್ಣಿಗೆ ಹೋಗಲೂ ಆಗಲಿಲ್ಲ.

ಮಗಳೀಗ ಚಿತ್ತಾಪುರದಲ್ಲಿ ಟೀಚರು. ಎಲೆ ಉದುರಿದ ದಿನ ರಾತ್ರಿ ಮೊಮ್ಮಗಳು ಫೋನಿನಲ್ಲಿ ಕತೆ ಕೇಳಿದಳು, ಅದೂ ಬನ್ನಿ ತಗೊಂಡ ದೈತ್ಯನದೇ ಆಗಬೇಕಂತೆ. ಅಂದರೆ ನನ್ನ ಮಗಳು ತನ್ನ ಮಗಳಿಗೆ ದಾಟಿಸಿದ್ದು ಅದನ್ನು! ಆ ಕತೆಯಲ್ಲಿ ದೈತ್ಯನಿದ್ದಾನೆ, ವೈನಿ ಇದ್ದಾಳೆ, ಓಣಿಯ ಮಕ್ಕಳಿದ್ದಾರೆ. ನಾನೆಲ್ಲಿಯೂ ಇಲ್ಲ. ಆದರೂ ಹೇಳಿದೆ. ಕತೆ ದೈತ್ಯ ಮಲಗಿದಲ್ಲಿಗೆ ಬಂದಾಗ ತಡೆಯಲಾರದೆ ನನ್ನ ಹಳೆಯ ಗೊರಕೆಯೊಂದನ್ನು ಸೇರಿಸಿದೆ.

"ಅವ್ವ ಹೇಳೋ ಕತ್ಯಾಗ ಅಂವ ಗೊರಕಿ ಹೊಡ್ಯಂಗಿಲ್ಲ ಅಜ್ಜಿ," ಎಂದಳು ಮೊಮ್ಮಗಳು.

ಫೋನಿಟ್ಟು ಕಟ್ಟೆಗೆ ಬಂದು ಕೂತೆ. ಹೊಟ್ಟೆ ಉರಿಯುತ್ತಿತ್ತು, ಭಾಳ. ಬಾಜೂ ಮನೆಗೆ ಕೀಲಿ ಹಾಕಿತ್ತು. ಎಷ್ಟು ಉರಿಯಿತೆಂದು ಕೇಳಿ ನಗುವವರು ಯಾರೂ ಇರಲಿಲ್ಲ.