ಉಪ್ಪು ಕಡಿಮೆ ಎಂದು ಬರೆದಿದ್ದ ವಹಿ

ಬೆಳಿಗ್ಗೆ ಎಂಟಕ್ಕೆ ಶಿಕಾರಿಪುರದಲ್ಲಿ ಸೊರಬದ ಬಸ್ಸು ಹತ್ತಿದಾಗ ನನ್ನ ಬ್ಯಾಗಿನಲ್ಲಿ ಎರಡು ಕಾಗದಗಳಿದ್ದವು. ಒಂದು, ಅನುಮತಿಯಿಲ್ಲದೆ ಶಾಲೆ ಬಿಟ್ಟು ಹೋಗಿದ್ದೇಕೆ ಎಂದು ಕೇಳಿದ್ದ ನೋಟಿಸು. ಇನ್ನೊಂದು, ಅದಕ್ಕೆ ನಾನು ರಾತ್ರಿ ಮೂರು ಸಲ ತಿದ್ದಿ ಬರೆದಿದ್ದ ಉತ್ತರ. ಹನ್ನೊಂದೂವರೆಗೆ ಸೊರಬದ ಕ್ಷೇತ್ರ ಶಿಕ್ಷಣಾಧಿಕಾರಿಗಳ ಕಚೇರಿಯಲ್ಲಿ ವಿಚಾರಣೆ. ಇಪ್ಪತ್ತೆರಡು ವರ್ಷ ಪಾಠ ಮಾಡಿದ ನನ್ನ ಸೇವಾ ಪುಸ್ತಕದಲ್ಲಿ ಅವತ್ತು ಮೊದಲ ಕಪ್ಪು ಚುಕ್ಕೆ ಬೀಳುವುದಿತ್ತು.

ಪಕ್ಕದ ಸೀಟಿನಲ್ಲಿ ಶಿಕ್ಷಕರ ಸಂಘದ ಕಾರ್ಯದರ್ಶಿ ಬಸವರಾಜಪ್ಪ ಮೇಷ್ಟ್ರು. ನನಗೆ ಸೊನ್ನೆ ರೂಪಾಯಿ ಟಿಕೆಟ್ಟು, ಅವರಿಗೆ ಪೂರ್ತಿ. ಈ ಸಂಘದ ಬಗ್ಗೆ ನನಗೇನೂ ದೊಡ್ಡ ಅಭಿಪ್ರಾಯ ಇರಲಿಲ್ಲ. ವರ್ಷಕ್ಕೊಂದು ಕ್ಯಾಲೆಂಡರು ಕೊಡುತ್ತದೆ, ಬಂದವರಿಗೆಲ್ಲ ಹಾರ ಹಾಕುತ್ತದೆ ಎಂದು ಸ್ಟಾಫ್ ರೂಮಿನಲ್ಲಿ ಎಲ್ಲರಿಗಿಂತ ಜೋರಾಗಿ ನಕ್ಕವಳು ನಾನೇ. ಒಂದು ಸಭೆಗೂ ಹೋದವಳಲ್ಲ. ನೋಟಿಸು ಬಂದ ದಿನ ಅಡುಗೆಮನೆ ಬಾಗಿಲ ಹಿಂದಿನ ಕ್ಯಾಲೆಂಡರಿನ ಕೆಳಗಿದ್ದ ನಂಬರಿಗೇ ಫೋನು ಮಾಡಬೇಕಾಯಿತು. ಸಂಕಟ ಬಂದಾಗ ವೆಂಕಟರಮಣ.

ನಡೆದದ್ದಿಷ್ಟು. ಜಡೆ ಕಡೆಯ ನಮ್ಮ ಸಣ್ಣ ಶಾಲೆಯಲ್ಲಿ ಒಂದು ದಿನ ಮೂರನೇ ತರಗತಿಯ ಹುಡುಗಿಯ ಪಾದಕ್ಕೆ ತಗಡು ಕೊಯ್ದು ರಕ್ತ ಸುರಿಯಿತು. ಮುಖ್ಯ ಶಿಕ್ಷಕರು ತರಬೇತಿಗೆ ಹೋಗಿದ್ದರು. ಶಾಲೆಯನ್ನು ಅತಿಥಿ ಶಿಕ್ಷಕಿ ಲತಾಳಿಗೆ ಒಪ್ಪಿಸಿ, ಸಿಕ್ಕ ಆಟೋ ಹತ್ತಿಸಿ ಮಗುವನ್ನು ಆಸ್ಪತ್ರೆಗೆ ಕರೆದೊಯ್ದೆ. ಹೊರಗೆ ಹೋಗುವಾಗ ಸಹಿ ಮಾಡಬೇಕಾದ ಚಲನವಲನ ವಹಿ ಮೇಜಿನ ಮೇಲೇ ಇತ್ತು. ಅದರಲ್ಲಿ ಬರೆಯುವುದನ್ನು ಮರೆತೆ. ಮಧ್ಯಾಹ್ನ ತಪಾಸಣೆಗೆ ಬಂದವರಿಗೆ ಕಂಡದ್ದು ಆ ಖಾಲಿ ಹಾಳೆ. ಆಸ್ಪತ್ರೆಯ ಚೀಟಿಯನ್ನು ಮಗುವಿನ ಮನೆಯವರು ಕಳೆದುಕೊಂಡಿದ್ದರು. ಬಾಯಿಮಾತು ದಾಖಲೆಯಲ್ಲ.

ದಾರಿಯ ಎರಡೂ ಕಡೆ ಮೆಕ್ಕೆಜೋಳ ಎದೆಯೆತ್ತರ ಬೆಳೆದಿತ್ತು. ಬಳ್ಳಿಗಾವಿಗೆ ತಿರುಗುವ ದಾರಿಯ ಬೋರ್ಡು ಕಂಡಿತು; ಹೋದ ವರ್ಷ ಮಕ್ಕಳನ್ನು ಅಲ್ಲಿಗೆ ಪ್ರವಾಸ ಕರೆದೊಯ್ದಿದ್ದೆ. ಮುಂದೆ ಯಾರು ಕರೆದೊಯ್ಯುತ್ತಾರೋ ಎಂದುಕೊಂಡೆ.

ಶಿರಾಳಕೊಪ್ಪದಲ್ಲಿ ಬಸ್ಸು ಹತ್ತು ನಿಮಿಷ ನಿಂತಿತು. ಟೀ ಕುಡಿಸಲು ಹೋದೆ. ಮೇಷ್ಟ್ರು ತಮ್ಮ ಹತ್ತು ರೂಪಾಯಿಯನ್ನು ತಾವೇ ಕೊಟ್ಟರು.

"ಸಂಘದ ಕೆಲ್ಸಕ್ಕೆ ಬಂದಾಗ ನಾನು ಯಾರ ಟೀನೂ ಕುಡಿಯಲ್ರೀ. ನಿಮ್ಮ ಉತ್ತರ ಎಲ್ಲೈತಿ, ತೋರ್ಸಿ."

ಕೊಟ್ಟೆ. ಮೊದಲ ಸಾಲು ಓದಿಯೇ ಅವರು ಲೋಟ ಕೆಳಗಿಟ್ಟರು.

"'ನನ್ನಿಂದ ಅಕ್ಷಮ್ಯ ತಪ್ಪಾಗಿರುತ್ತದೆ, ದಯಮಾಡಿ ಕ್ಷಮಿಸಬೇಕು.' ಏನ್ರೀ ಇದು ಮೇಡಂ?"

"ದೊಡ್ಡೋರಿಗೆ ಬರೆಯೋವಾಗ ಹಾಗೇ ಅಲ್ವಾ ಬರೆಯೋದು?"

"ಮಕ್ಳ ಕೈಲಿ ಕ್ಷಮಾಪಣೆ ಬರೆಸಿ ಬರೆಸಿ ನಮ್ಗೂ ಅದೇ ರೂಢಿ ಆಗೈತಿ ನೋಡ್ರೀ. ಇದನ್ನ ಕೊಟ್ರೆ ವಿಚಾರಣೆನೇ ಬೇಕಾಗಿಲ್ಲ. ತಪ್ಪು ಒಪ್ಕಂಡ್ರು ಅಂತ ಬರ್ದು ಮುಗಿಸ್ತಾರೆ." ಕಾಗದವನ್ನು ನಾಲ್ಕಾಗಿ ಮಡಚಿ ಜೇಬಿಗಿಟ್ಟುಕೊಂಡರು. ಆಮೇಲೆ ತಟ್ಟನೆ ಕೇಳಿದರು: "ಅವತ್ತು ಬಿಸಿಯೂಟದ ರುಚಿ ಯಾರು ನೋಡಿದ್ರು?"

ಮಕ್ಕಳಿಗೆ ಬಡಿಸುವ ಮೊದಲು ಶಿಕ್ಷಕರೊಬ್ಬರು ಉಂಡು ನೋಡಿ, ರುಚಿ ವಹಿಯಲ್ಲಿ ಬರೆದು ಸಹಿ ಮಾಡಬೇಕು. ನಮ್ಮಲ್ಲಿ ಅದು ನನ್ನ ಕೆಲಸ. ಅವತ್ತು ನಾನಿರಲಿಲ್ಲ. ಅಂದರೆ ಲತಾ! ಕೂಡಲೇ ಸ್ಪೀಕರ್ ಹಾಕಿ ಫೋನು ಮಾಡಿದೆ.

"ಹೌದು ಮೇಡಂ, ನಾನೇ ಬರ್ದಿದ್ದೆ. ನೀವು ಆಸ್ಪತ್ರೆಗೆ ಹೋಗಿದ್ದೂ ಬರ್ದೀನಿ ಅನ್ಸುತ್ತೆ. ಹೆಡ್ ಮಾಸ್ಟ್ರನ್ನ ಕೇಳಿ ವಹಿ ತಗೊಂಡು ಬರ್ಲಾ?"

"ಬರ್ಲಿ. ಆದ್ರೆ ಚಲನವಲನ ವಹಿಲಿ ಸಹಿ ಹಾಕಿ ಬರ್ಲಿ," ಎಂದು ಮೇಷ್ಟ್ರು ಪಕ್ಕದಿಂದ ಕೂಗಿದರು.

ಶಿರಾಳಕೊಪ್ಪ ದಾಟಿದ ಮೇಲೆ ಜೋಳ ಕಡಿಮೆಯಾಗಿ ಗದ್ದೆಗಳು ಶುರುವಾದವು. ಸೊರಬ ತಲುಪಿದಾಗ ಹತ್ತು ದಾಟಿತ್ತು. ಜಡೆ ಕಡೆಯ ಬಸ್ಸಿಗಾಗಿ ನಿಲ್ದಾಣದಲ್ಲಿ ಕಾದೆವು. ಹನ್ನೊಂದಾಯಿತು. ಬಂದದ್ದು ಕುಪ್ಪಗಡ್ಡೆಯ ಬಸ್ಸು. ಹನ್ನೊಂದೂ ಇಪ್ಪತ್ತಕ್ಕೆ ಜಡೆಯ ಬಸ್ಸು ಬಂತು. ಎದೆಗೆ ವಹಿ ಅವುಚಿಕೊಂಡ ಲತಾ ಎಲ್ಲರಿಗಿಂತ ಮೊದಲು ಇಳಿದಳು. ಮೂವರೂ ಬಿರಬಿರನೆ ನಡೆದೆವು.

ಅಧಿಕಾರಿಗಳು ಕನ್ನಡಕ ಏರಿಸಿ ಆ ದಿನದ ಪುಟ ಓದಿದರು: 'ಸಾಂಬಾರಿಗೆ ಉಪ್ಪು ಕಡಿಮೆ ಇರುತ್ತದೆ. ಮೇಡಂ ಅವರು ಕಾಲಿಗೆ ಗಾಯವಾದ ಮಗುವನ್ನು ಆಸ್ಪತ್ರೆಗೆ ಕರೆದೊಯ್ದ ಕಾರಣ ನಾನು ರುಚಿ ನೋಡಿರುತ್ತೇನೆ.' ಹಿಂದಿನ ಪುಟಗಳನ್ನು ತಿರುವಿದರು. ಎಲ್ಲ ಕಡೆ ನನ್ನದೇ ಅಕ್ಷರ: 'ಚೆನ್ನಾಗಿದೆ', 'ಚೆನ್ನಾಗಿದೆ', 'ಚೆನ್ನಾಗಿದೆ'.

"ಇದನ್ನ ಯಾವಾಗ ಬರೆದಿದ್ದಮ್ಮ?"

"ಬಡಿಸೋಕೆ ಮುಂಚೆ ಸಾರ್. ಉಪ್ಪು ಹಾಕ್ಸಿ ಆಮೇಲೆ ಬಡಿಸಿದ್ದು."

ಅವರು ನಕ್ಕುಬಿಟ್ಟರು. "ಆಮೇಲೆ ಸೃಷ್ಟಿ ಮಾಡೋರು ಉಪ್ಪು ಕಡಿಮೆ ಅಂತ ಬರೆಯಲ್ಲ ಬಿಡಿ." ಬಸವರಾಜಪ್ಪ ಮೇಷ್ಟ್ರು ಅದೇ ಮಾತನ್ನು ಕಡತದಲ್ಲಿ ಬರೆಸುವವರೆಗೆ ಕುರ್ಚಿ ಬಿಟ್ಟು ಏಳಲಿಲ್ಲ. ನೋಟಿಸು ಕೈಬಿಟ್ಟರು; ಇನ್ನು ಮುಂದೆ ಸಹಿ ಮಾಡಿ ಹೋಗಿ ಎಂದರು. ಹೊರಗೆ ಬಂದು ಮೆಟ್ಟಿಲ ಮೇಲೆ ಕುಳಿತು ಅತ್ತೆ. ಹಗುರಾಗಿತ್ತು. ಒಮ್ಮೆಲೇ ವಿಪರೀತ ಹಸಿವಾಯಿತು.

ಮೂವರೂ ದೋಸೆ ತಿಂದೆವು. "ಕೆಲ್ಸ ಮುಗೀತು, ಈಗ ಕುಡಿಸ್ರೀ ಟೀ," ಎಂದರು ಮೇಷ್ಟ್ರು. ಲತಾ ಅರ್ಧ ಲೋಟಕ್ಕೇ ಎದ್ದಳು. "ಮರಳಿದ ಸಮಯ ಬರೀಬೇಕಲ್ದಾ ಮೇಡಂ, ತಡ ಆಗುತ್ತೆ," ಎಂದು ಬಸ್ಸಿಗೆ ಓಡಿದಳು.

ಹಿಂದಿರುಗುವ ಬಸ್ಸಿನಲ್ಲಿ ಕೇಳಿದೆ: "ಮೇಷ್ಟ್ರೇ, ಇದೇ ಲತಾಗೆ ಆಗಿದ್ರೆ?"

"ಅವ್ರಿಗೆ ನೋಟಿಸ್ ಎಲ್ಲಿ ಕೊಡ್ತಾರ್ರೀ? ನಾಳೆಯಿಂದ ಬರಬ್ಯಾಡ ಅಂದ್ರೆ ಮುಗೀತು. ನಮ್ಮ ಸಂಘದಾಗೂ ಕಾಯಂ ಆದೋರಿಗಷ್ಟೇ ಸದಸ್ಯತ್ವ."

ಅಂಥ ಹುಡುಗಿ ಹಿಂದೆಮುಂದೆ ನೋಡದೆ ವಹಿ ಹಿಡಿದು ಬಂದಿದ್ದಳು.

"ಆ ನಿಯಮ ಬದಲಾಯ್ಸೋದು ಎಲ್ಲಿ?"

"ಸಭೆಯಾಗ."

"ಮುಂದಿನ ಸಭೆ ಯಾವಾಗ?"

ಮೇಷ್ಟ್ರು ತಿರುಗಿ ನನ್ನ ಮುಖ ನೋಡಿದರು. ಇಪ್ಪತ್ತೆರಡು ವರ್ಷದಲ್ಲಿ ನಾನು ಆ ಪ್ರಶ್ನೆ ಕೇಳಿದ್ದು ಅದೇ ಮೊದಲು.