ಹೆಬ್ಬೆರಳುದ್ದದ ಲಾರಿಯ ಚೀಟಿ

ವಾಡಿಯ ರೈಲ್ವೆ ಕಾಲೊನಿಯ ಹಿಂದಿನ ಓಣಿಯಲ್ಲಿ ಒಂದು ಮಾಳಿಗೆ ಕೋಣೆಯಿದೆ. ಅದರೊಳಗೆ ಇಡೀ ವಾಡಿ ಜಂಕ್ಷನ್ ಒಂದು ದೊಡ್ಡ ಮೇಜಿನ ಮೇಲೆ ಕುಳಿತಿದೆ. ಪ್ಲಾಟ್‌ಫಾರ್ಮು, ಸಿಗ್ನಲ್ಲು, ನೀರಿನ ಟಾಕಿ, ಸಿಮೆಂಟಿನ ಧೂಳು ಹಿಡಿದ ಬೇವಿನ ಗಿಡ, ಎಲ್ಲವೂ ನಿಜದ ಎಂಬತ್ತೇಳರಲ್ಲಿ ಒಂದು ಪಾಲಿನಷ್ಟು. ಕಟ್ಟಿದವರು ನಿವೃತ್ತ ಸ್ಟೇಷನ್ ಮಾಸ್ತರರು. ಹಳಿಯ ಮೇಲಿನದೆಲ್ಲ ಅವರ ಇಲಾಖೆ. ರಸ್ತೆಯ ಮೇಲಿನ ಲಾರಿ, ಬಸ್ಸು, ಜೀಪು ನನ್ನ ಇಲಾಖೆ. ಒಂದೊಂದನ್ನೂ ಗುರುತಿಸಿ, ಅಳತೆ ನೋಡಿ, ಇದು ಈ ರಸ್ತೆಗೆ ಸೇರುತ್ತದೆ, ಇದು ಸೇರುವುದಿಲ್ಲ ಎಂದು ಹೇಳುವವಳು ನಾನು. ನಾನು ಹೇಳಿದ ಮೇಲೆ ಮಾಸ್ತರರೂ ತುಟಿ ಬಿಚ್ಚುವಂತಿಲ್ಲ. ಇದನ್ನು ಬರೆಯುವಾಗ ನನಗೆ ಜಂಬ ಬರುತ್ತದೆ. ಬರಲಿ, ಪುಕ್ಕಟೆ ಸಿಕ್ಕ ಜಂಬವೇನಲ್ಲ.

ನಾನು ಚಿತ್ತಾಪುರದ ಶಾಲೆಯಲ್ಲಿ ಗಣಿತ ಕಲಿಸುತ್ತೇನೆ. ಕೆಲವು ವರ್ಷಗಳ ಹಿಂದೆ ಮಾಸ್ತರರು ತಮ್ಮ ಮೇಜಿನ ಫೋಟೊಗಳನ್ನು ಮಕ್ಕಳಿಗೆ ತೋರಿಸಲು ಶಾಲೆಗೆ ಬಂದಿದ್ದರು. ಒಂದು ಫೋಟೊದಲ್ಲಿ ಲಾರಿಯ ಬಾಗಿಲು ಸ್ಟೇಷನ್ನಿನ ಬಾಗಿಲಿಗೆ ಸಮನಾಗಿ ಕಂಡಿತು. ನನ್ನ ಬಾಯಿ ಸುಮ್ಮನಿರುವುದಲ್ಲ.

"ಮಾಸ್ತರ್ರೇ, ಈ ಲಾರಿ ಡ್ರೈವರ್ ಏಳು ಅಡಿ ಆಳಿರಬೇಕ್ರಿ," ಎಂದೆ.

ಅವರು ನಗಲಿಲ್ಲ. ಮರುದಿನ ಒಂದು ಬಿಸ್ಕೀಟಿನ ಡಬ್ಬಿಯ ತುಂಬ ಲೋಹದ ಗಾಡಿಗಳನ್ನು ತಂದು ನನ್ನ ಟೇಬಲ್ಲಿನ ಮೇಲೆ ಸುರಿದರು. "ಹಂಗಾದ್ರ ನೀವೇ ಆರಿಸಿ ಕೊಡ್ರಿ ಅಕ್ಕೋರೆ," ಎಂದರು.

ಆ ಗಾಡಿಗಳೆಲ್ಲ ಅವರಿಗೆ ಹೈದರಾಬಾದಿನ ಹಳೇ ಸಾಮಾನಿನ ಬಜಾರಿನಲ್ಲಿ ಸಿಕ್ಕಂಥವು. ಪರದೇಶದಲ್ಲಿ ಯಾರದೋ ಆಟದ ರೈಲಿನ ಪಕ್ಕದಲ್ಲಿ ನಿಲ್ಲಿಸಲೆಂದು ಎರಕ ಹೊಯ್ದವು, ಹೇಗೋ ಇಲ್ಲಿಗೆ ಬಂದು ಬಿದ್ದಿದ್ದವು. ಕೆಲವಕ್ಕೆ ಹೊಟ್ಟೆಯಡಿ ಹೆಸರು, ಅಳತೆ ಕೊರೆದಿರುತ್ತದೆ. ಅವನ್ನು ಗುರುತಿಸಲು ಕನ್ನಡಕವೊಂದಿದ್ದರೆ ಸಾಕು. ಇನ್ನು ಕೆಲವು, ಬಿಡಿಭಾಗ ತಂದು ಮನೆಯಲ್ಲೇ ಅಂಟಿಸಿ ಮಾಡಿದವು. ಅವಕ್ಕೆ ಹೆಸರಿಲ್ಲ, ಊರಿಲ್ಲ. ಬಣ್ಣದ ಮೇಲೆ ಬಣ್ಣ ಬಳಿದು ಬಾಗಿಲಿನ ಗೆರೆ ಕೂಡ ಮುಚ್ಚಿಹೋಗಿರುತ್ತದೆ. ಎಪ್ಪತ್ತಾರರಲ್ಲಿ ಒಂದು ಪಾಲಿನದು ಯಾವುದು, ಎಂಬತ್ತೇಳರಲ್ಲಿ ಒಂದು ಪಾಲಿನದು ಯಾವುದು ಎಂದು ಒಂದನ್ನೇ ಕೈಯಲ್ಲಿ ಹಿಡಿದರೆ ತಿಳಿಯುವುದಿಲ್ಲ. ಎರಡನ್ನೂ ಒಂದೇ ರಸ್ತೆಯಲ್ಲಿ ನಿಲ್ಲಿಸಿದಾಗ ಮಾತ್ರ ಏನೋ ಕೆಟ್ಟಿದೆ ಎಂದು ಕಣ್ಣಿಗೆ ಚುಚ್ಚುತ್ತದೆ.

ನನಗೆ ಈ ವಿದ್ಯೆ ಕಲಿಸಿದವನು ಅಪ್ಪ. ಅವನು ಶಹಾಬಾದಿನಲ್ಲಿ ಕಲ್ಲಿನ ಲಾರಿ ಓಡಿಸುತ್ತಿದ್ದ, ನೆಲಕ್ಕೆ ಹಾಸುವ ನಮ್ಮ ಪರಸಿ ಕಲ್ಲು. ನಾನು ಸಣ್ಣವಳಿದ್ದಾಗ ರಸ್ತೆಯ ಪಕ್ಕದ ಚಹಾದಂಗಡಿಯಲ್ಲಿ ಕೂರಿಸಿಕೊಂಡು, ಸೇಡಂ ಕಡೆಯಿಂದ ಬರುವ ಗಾಡಿ ತೋರಿಸಿ ಯಾವ ಕಂಪನಿಯದು ಹೇಳು ಎನ್ನುತ್ತಿದ್ದ. ನಾನು ಬಾಡಿಯ ಮೇಲೆ ಬರೆದ ಹೂವು, ಹುಲಿ ನೋಡಿ ಏನೋ ಒಂದು ಹೇಳಿ ತಪ್ಪುತ್ತಿದ್ದೆ.

"ಬಾಡಿ ನೋಡಬ್ಯಾಡವ್ವ," ಎನ್ನುತ್ತಿದ್ದ ಅಪ್ಪ. "ಬಾಡಿ ಯಾವ ಮಿಸ್ತ್ರಿ ಬೇಕಾದ್ರೂ ಕಟ್ತಾನ. ಗಾಲಿ ನೋಡು, ಮೂತಿ ನೋಡು. ಅವೆರಡು ಸುಳ್ಳ ಹೇಳಂಗಿಲ್ಲ."

ಆ ಡಬ್ಬಿಯನ್ನು ನಾನು ಅಪ್ಪನ ಮಾತಿನಂತೆಯೇ ವಿಂಗಡಿಸಿದೆ. ಉಕ್ಕಿನ ಅಳತೆಪಟ್ಟಿ ಹಿಡಿದು ಮೊದಲು ಗಾಲಿ, ಆಮೇಲೆ ಮುಂದಿನ ಗಾಲಿಯಿಂದ ಹಿಂದಿನ ಗಾಲಿಗಿರುವ ದೂರ, ಕಡೆಗೆ ಮೂತಿಯ ಆಕಾರ. ಒಂದೊಂದಕ್ಕೂ ನೋಟ್‌ಬುಕ್ಕಿನಲ್ಲಿ ಒಂದು ಪುಟ. ಒಂಬತ್ತು ಗಾಡಿಗಳನ್ನು ಅಳತೆ ಹೊಂದದೆಂದು ಹೊರಗೆ ಹಾಕಿದೆ. ಮಾಸ್ತರರಿಗೆ ಬಹಳ ಪ್ರೀತಿಯ ಕೆಂಪು ಬಸ್ಸು ಅದರಲ್ಲಿತ್ತು. ಎರಡು ದಿನ ಅವರು ನನ್ನ ಫೋನ್ ಎತ್ತಲಿಲ್ಲ. ಮೂರನೆಯ ದಿನ ತಾವೇ ಅಳೆದು ನೋಡಿ, "ನೀವಂದಿದ್ದು ಖರೆ ಅದ್ರಿ," ಎಂದು ಫೋನ್ ಮಾಡಿದರು.

ಡಬ್ಬಿಯ ತಳದಲ್ಲಿ ಒಂದು ಹೆಸರಿಲ್ಲದ ಲಾರಿಯಿತ್ತು. ಹೆಬ್ಬೆರಳುದ್ದ, ಮುಂದೆ ಉದ್ದ ಮೂತಿ, ಮೈತುಂಬ ದಪ್ಪ ಹಸಿರು ಬಣ್ಣ. ಮಾಸ್ತರರು ಅದನ್ನು ಮಿಲಿಟರಿ ಲಾರಿ ಎಂದು ಬದಿಗಿಟ್ಟಿದ್ದರು. ನಾನು ತಿರುಗಿಸಿ ನೋಡಿದೆ. ಹಿಂದಿನ ತೆರೆದ ಬಾಡಿಯ ನಡುವೆ ಎರಡೂ ಕಡೆ ಇಳಿಜಾರಾದ ಒಂದು ಆಸರೆ ನಿಂತಿತ್ತು. ಶಹಾಬಾದಿನಲ್ಲಿ ಕಲ್ಲು ಕೊಯ್ಯುವ ಫ್ಯಾಕ್ಟರಿಗಳ ಅಂಗಳದಲ್ಲಿ ಇಂಥದೇ ಆಸರೆಗೆ ಕಲ್ಲಿನ ಹಲಗೆಗಳನ್ನು ಒರಗಿಸಿಡುತ್ತಾರೆ. ಅಪ್ಪನಿಗೆ ರೊಟ್ಟಿ ಬುತ್ತಿ ಒಯ್ದಾಗ ನಾವು ಮಕ್ಕಳು ಅದನ್ನು ಕುದುರೆ ಎಂದು ಕರೆದು ಏರಿ ಕೂರುತ್ತಿದ್ದೆವು. ಅಪ್ಪನ ಲಾರಿಗೂ ಇಂಥದೇ ಮೂತಿಯಿತ್ತು. ಅಲ್ಲಿಂದ ಮುಂದೆ ನಾನು ಏನನ್ನೂ ಯೋಚಿಸಲಿಲ್ಲ.

"ಅಪ್ಪಾ, ನಿನ್ನ ಗಾಡಿ ಸಿಕ್ತು," ಎಂದು ಅವತ್ತೇ ಫೋನಿನಲ್ಲಿ ಕೂಗಿಬಿಟ್ಟೆ.

ಎಂಬತ್ತು ದಾಟಿದ ಅಪ್ಪ ಶಹಾಬಾದಿನ ಓಣಿಗೆಲ್ಲ ಸುದ್ದಿ ಮುಟ್ಟಿಸಿದ. ಮಾಸ್ತರರು ಒಂದು ಭಾನುವಾರ ಕೋಣೆಯ ಬಾಗಿಲು ತೆರೆದು ಊರವರಿಗೆಲ್ಲ ತೋರಿಸುವವರಿದ್ದರು. ಸೇಡಂ, ಚಿಂಚೋಳಿಯ ಶಾಲೆಗಳಿಂದಲೂ ಮಕ್ಕಳು ಬರುವವರಿದ್ದರು. ಪ್ರತಿ ಗಾಡಿಯ ಮುಂದೆ ಒಂದು ಚೀಟಿ. ಈ ಲಾರಿಯ ಚೀಟಿಯನ್ನು ನಾನೇ ಚೆಂದಗೆ ಬರೆದೆ: "ಶಹಾಬಾದಿ ಕಲ್ಲಿನ ಲಾರಿ."

ಆ ಭಾನುವಾರದ ಹಿಂದಿನ ದಿನ ಮಧ್ಯಾಹ್ನ, ಕೊನೆಯದಾಗಿ ಒಮ್ಮೆ ತೊಳೆದಿಡೋಣವೆಂದು ಸಾಬೂನಿನ ನೀರು, ಹಳೇ ಹಲ್ಲಿನ ಬ್ರಷ್ಷು ಹಿಡಿದು ಕೂತೆ. ಆಸರೆಯ ಬುಡದಲ್ಲಿ ಒಂದು ಸಣ್ಣ ಸಂದು. ಅದರಲ್ಲಿ ಬಣ್ಣದಡಿ ಏನೋ ಹೊಳೆಯಿತು. ಸೂಜಿಯಿಂದ ಕೆದಕಿದೆ. ತೆಳ್ಳಗಿನ ಪಾರದರ್ಶಕ ಪ್ಲಾಸ್ಟಿಕ್ಕಿನ ಚೂರು, ಅಂಟಿನ ಸಮೇತ ಬಂತು. ಇನ್ನೊಂದು ಬದಿಯ ಸಂದಿನಲ್ಲೂ ಅಂಥದೇ ಚೂರು. ಕಲ್ಲನ್ನು ಯಾರೂ ಪಾರದರ್ಶಕವಾಗಿ ಮಾಡುವುದಿಲ್ಲ. ಅದು ಕಿಟಕಿಯ ಗಾಜಿನ ಹಲಗೆಗಳನ್ನು ಸಾಗಿಸುವ ಲಾರಿ. ಆಸರೆ ಕಂಡೊಡನೆ ಕಲ್ಲು ಎಂದವಳು ನಾನು. ಶಹಾಬಾದಿನಲ್ಲಿ ಹುಟ್ಟಿದವರ ಹೊರತು ಬೇರೆ ಯಾರೂ ಹಾಗೆ ಅನ್ನುತ್ತಿರಲಿಲ್ಲ.

ಮಾಸ್ತರರಿಗೆ ತೋರಿಸಿದೆ. ಅವರು ಚೂರನ್ನು ನೋಡಿ, ನನ್ನ ಮುಖ ನೋಡಿದರು.

"ಇರಲಿ ಬಿಡ್ರಿ ಅಕ್ಕೋರೆ, ಯಾರಿಗೆ ಗೊತ್ತಾಗ್ತದ? ನಿಮ್ಮ ಅಪ್ಪಾರು ಭಾಳ ಆಸೆಲಿಂದ ಬರಾಕತ್ತ್ಯಾರ," ಎಂದರು.

ಸುಳ್ಳು ಹೇಳುವುದಿಲ್ಲ, ಒಂದು ಗಳಿಗೆ ನನಗೂ ಹಾಗೇ ಅನಿಸಿತು. ಅಪ್ಪನ ಮುಖ ಸಪ್ಪಗಾಗುವುದನ್ನು ನೆನೆದೆ. ಆದರೆ ಇದೇ ನಾನು ಅವರ ಕೆಂಪು ಬಸ್ಸನ್ನು ಹೊರಗೆ ಹಾಕಿದ್ದೆ. ಬೇರೆಯವರ ಬಸ್ಸಿಗೊಂದು ಕಾನೂನು, ನಮ್ಮಪ್ಪನ ಲಾರಿಗೊಂದು ಕಾನೂನು ಮಾಡಿದರೆ ಮಕ್ಕಳ ಮುಂದೆ ಯಾವ ಮುಖ ಹೊತ್ತು ಗಣಿತ ಹೇಳಲಿ? ಹಳೇ ಚೀಟಿ ಹರಿದು ಹೊಸದು ಬರೆದೆ: "ಗಾಜಿನ ಹಲಗೆ ಸಾಗಿಸುವ ಪರದೇಶದ ಲಾರಿ. ಕಲ್ಲಿನ ಲಾರಿ ಎಂದು ನಾನು ಮೊದಲು ತಪ್ಪಾಗಿ ಗುರುತಿಸಿದ್ದೆ." ಅಪ್ಪನಿಗೆ ಫೋನ್ ಮಾಡಿ ಹೇಳುವ ಧೈರ್ಯ ಮಾತ್ರ ಬರಲಿಲ್ಲ.

ಭಾನುವಾರ ಅಪ್ಪ ಇಸ್ತ್ರಿ ಮಾಡಿದ ಧೋತರ ಉಟ್ಟು ಬಂದ. ಒಬ್ಬನೇ ಬರಲಿಲ್ಲ, ತನ್ನ ಲಾರಿಗೆ ಕಲ್ಲು ತುಂಬುತ್ತಿದ್ದ ಇಬ್ಬರು ಮುದುಕರನ್ನೂ ಕರೆತಂದಿದ್ದ. ಮೂವರೂ ಆ ಲಾರಿಯ ಮುಂದೆ ಬಗ್ಗಿದರು. ಅಪ್ಪ ತುಟಿ ಅಲ್ಲಾಡಿಸುತ್ತ ಚೀಟಿಯನ್ನು ನಿಧಾನಕ್ಕೆ ಓದಿದ. ನಾನು ಬಾಗಿಲ ಹತ್ತಿರ ಸೆರಗು ಹಿಂಡುತ್ತ ನಿಂತಿದ್ದೆ.

"ನೀ ಬರದಿಯೇನವ್ವ?" ಎಂದ.

"ಹೂಂ ಅಪ್ಪಾ. ತಪ್ಪಾಗಿತ್ತು."

"ಛಲೋ ಮಾಡಿದಿ. ಕಲ್ಲು ಹಿಂಗ ಮಗ್ಗಲಿಗೆ ಒರಗಿಸಿಟ್ರ ಮೊದಲನೇ ತಿರುವಿನ್ಯಾಗ ಗಾಡಿ ಮಕಾಡೆ ಬೀಳ್ತದ. ನಾವು ಕಲ್ಲು ನಿಂದ್ರಸಿ, ನಡುವ ಹುಲ್ಲು ತುರುಕಿ, ಕ್ಯಾಬಿನ್ ಕಡೆ ಒರಗಿಸಿ ಒಯ್ತಿದ್ವಿ. ಕಲ್ಲಿನ ಗಾಡಿ ಅಂತ ಬರೆದಿದ್ರ ಈ ಇಬ್ಬರೂ ಇಲ್ಲೇ ನನ್ನ ಮಾನ ಕಳೀತಿದ್ರು ನೋಡು."

ಮುದುಕರಿಬ್ಬರೂ ಹೌದೆಂದು ತಲೆಯಾಡಿಸಿ ನಕ್ಕರು. ನಾನು ಸೆರಗು ಬಿಟ್ಟು ಮೇಜಿನ ಹತ್ತಿರ ಬಂದೆ. ಆದರೆ ಅಪ್ಪ ಅಲ್ಲಿಂದ ಕದಲಲಿಲ್ಲ. ಮೇಜಿನ ಅಂಚು ಹಿಡಿದು ಲಾರಿಯ ಮೂತಿಗೆ ಕಣ್ಣು ಹತ್ತಿರ ತಂದ.

"ಬಾಡಿ ನೋಡಿ ಎರಡು ಸಲ ಬರದಿ. ಮೂತಿ ಏನಂತದ, ಕೇಳಿದೇನು? ಗಾಲಿಗೆ ಗಾಲಿ ಎಷ್ಟದ?"

ನೋಟ್‌ಬುಕ್ ತೆರೆದೆ. ಅಳತೆ ಅಲ್ಲೇ ಇತ್ತು, ನಲವತ್ತೊಂದು ಮಿಲಿಮೀಟರ್. ಅಪ್ಪನ ನಿಜವಾದ ಲಾರಿಯದು ಎಷ್ಟಿತ್ತೆಂದು ನಾನು ಅವನನ್ನು ಕೇಳಿಯೇ ಇರಲಿಲ್ಲ.

"ನಿಂದೆಷ್ಟಿತ್ತು ಅಪ್ಪಾ?"

"ಹನ್ನೆರಡು ಅಡಿಗೆ ಮೂರು ಇಂಚು ಕಮ್ಮಿ," ಎಂದ, ತನ್ನ ವಯಸ್ಸು ಹೇಳಿದಷ್ಟು ಸಲೀಸಾಗಿ.

ನಲವತ್ತೊಂದನ್ನು ಎಂಬತ್ತೇಳರಿಂದ ಗುಣಿಸಿ, ಇಂಚಿಗೆ ತಂದೆ. ನೂರಾ ನಲವತ್ತು ಇಂಚು, ಚೂರು ಹೆಚ್ಚು. ಅಪ್ಪನದು ನೂರಾ ನಲವತ್ತೊಂದು; ಈ ವ್ಯತ್ಯಾಸ ಮೇಜಿನ ಮೇಲೆ ಕೂದಲೆಳೆಯಷ್ಟು. ತಪ್ಪಿರಬಹುದೆಂದು ಇನ್ನೊಮ್ಮೆ ಗುಣಿಸಿದೆ. ಮಾಸ್ತರರೂ ಪಕ್ಕದಲ್ಲಿ ನಿಂತು ಗುಣಿಸಿದರು. ಪರದೇಶದ ಮಿಸ್ತ್ರಿ ಯಾರೋ ಗಾಜಿನ ಬಾಡಿ ಕಟ್ಟಿದ್ದ. ಅಡಿಯಲ್ಲಿದ್ದದ್ದು ಅಪ್ಪನ ಗಾಡಿಯೇ.

ನಾನು ಚೀಟಿ ಹರಿಯಲು ಹೋದೆ. ಅಪ್ಪ ಕೈ ಹಿಡಿದ.

"ಹರೀಬ್ಯಾಡ. ತಪ್ಪಾಗಿತ್ತಂತ ಬರದದ್ದು ಹಂಗೇ ಇರಲಿ. ಅದರ ಕೆಳಗ ಬರಿ."

ಮಕ್ಕಳ ಸಾಲು ಬಾಗಿಲಲ್ಲಿ ಕಾಯುತ್ತಿತ್ತು. ನಾನು ಮೇಜಿನ ಮೇಲೆ ಬಗ್ಗಿ, ಅಪ್ಪ ನೋಡುತ್ತಿರುವಂತೆ, ಚೀಟಿಯ ಕೆಳಗೆ ಇನ್ನೆರಡು ಸಾಲು ಸೇರಿಸಿದೆ: "ಗಾಲಿ, ಮೂತಿ ಶಹಾಬಾದಿನಲ್ಲಿ ಕಲ್ಲು ಹೊತ್ತ ಲಾರಿಯವೇ. ಗುರುತಿಸಿದವರು: ಅದನ್ನು ಓಡಿಸಿದ ಡ್ರೈವರ್, ನನ್ನ ಅಪ್ಪ."