ಬಾಯಿಬಿಟ್ಟು ಹೇಳಲಾಗದ ಪಾಸ್‌ವರ್ಡ್

ಮಕ್ಕಳೇ, ಅಜ್ಜಿಗೇನು ತಿಳಿಯುತ್ತದೆ ಎಂದು ಫೋನಿನ ಪಾಸ್‌ವರ್ಡನ್ನು ನನ್ನೆದುರೇ ಒತ್ತುತ್ತೀರಿ. ನೀವು ಹುಟ್ಟುವ ಮೊದಲೇ ನನಗೊಂದು ಪಾಸ್‌ವರ್ಡ್ ಇತ್ತು.

ತೊಂಬತ್ತರ ದಶಕದ ಕೊನೆಗೆ, ಚಿನಕುರಳಿ ಹತ್ತಿರದ ನಮ್ಮೂರಿನ ಮಹಿಳಾ ಡೈರಿಗೆ ಕಂಪ್ಯೂಟರ್ ಬಂತು. ಹಾಲಿನಲ್ಲಿ ಕೊಬ್ಬು ಎಷ್ಟಿದೆ ಎಂಬುದಕ್ಕೆ ನಮ್ಮ ಕಡೆ ಡಿಗ್ರಿ ಎನ್ನುತ್ತಾರೆ. ಆ ಡಿಗ್ರಿ ನೋಡುವ ಕೆಲಸ ನನ್ನದು. ಊರ ಶಾಲೆಯಲ್ಲಿ ಏಳನೆಯವರೆಗೆ ಓದಿದವಳು. ನಾಲ್ಕು ಜನರೆದುರು ಮಾತಾಡಲು ನಾಚಿಕೆ. ಯಂತ್ರದ ಜೊತೆ ಮಾತಾಡಬೇಕಿಲ್ಲವಲ್ಲ, ಹಾಗಾಗಿ ಕೆಲಸ ಹಿಡಿಸಿತು.

ಕಾರ್ಯದರ್ಶಿ ಅಕ್ಕ ತನ್ನ ಓರಗಿತ್ತಿಯ ಹಾಲಿಗೆ ಡಿಗ್ರಿ ಏರಿಸುತ್ತಾಳೆಂದು ಮೊದಲಿನಿಂದ ಗೊಣಗಾಟವಿತ್ತು. ಅದಕ್ಕೇ ಸಾಫ್ಟ್‌ವೇರ್ ಹಾಕಲು ಮೈಸೂರಿನಿಂದ ಬಂದವರು ಅಧಿಕಾರ ಹಂಚಿಟ್ಟರು. ಡೈರಿ ಕೊಂಡದ್ದು ಇಬ್ಬರ ಲೈಸೆನ್ಸು ಮಾತ್ರ. ಡಿಗ್ರಿ ತುಂಬುವುದು ನಾನೊಬ್ಬಳೇ, ಹಾಲಿನ ಗಾಡಿಗೆ ಕೊಡುವ ಚೀಟಿ ತೆಗೆಯುವುದು ಅಕ್ಕ ಒಬ್ಬಳೇ. ನಾನು ತುಂಬಿದ್ದನ್ನು ಅವಳು ತಿದ್ದುವಂತಿಲ್ಲ.

"ಮರೆಯೋ ಹಾಗಿರಬಾರದು, ಯಾರ ಹತ್ರಾನೂ ಬಾಯಿಬಿಡಬಾರದು. ಅಂಥ ಪಾಸ್‌ವರ್ಡ್ ಇಟ್ಕೊಳ್ಳಿ ಅಮ್ಮ" ಎಂದರು ಅವರು.

ಅಂಥ ಮಾತು ನನ್ನಲ್ಲಿ ಒಂದೇ ಇತ್ತು. ಮದುವೆಯಾಗಿ ಹದಿನೆಂಟು ವರ್ಷದಲ್ಲಿ ಒಮ್ಮೆಯೂ ನನ್ನ ನಾಲಿಗೆಗೆ ಬಾರದ ನಿಮ್ಮ ತಾತನ ಹೆಸರು. ಗಂಡನ ಹೆಸರು ಹೇಳುವ ಪದ್ಧತಿ ನಮ್ಮಲ್ಲಿರಲಿಲ್ಲ. ಒಂದೊಂದೇ ಅಕ್ಷರ ಹುಡುಕಿ ಒತ್ತುವಾಗ, ತೆರೆಯ ಮೇಲೆ ಬರೀ ಚುಕ್ಕಿ ಬಿದ್ದರೂ, ಕಿವಿಯೆಲ್ಲ ಬಿಸಿಯಾಯಿತು.

ಕೆಲವು ತಿಂಗಳ ಮೇಲೆ ಸಂತೆಬಾಚಹಳ್ಳಿಯ ತಂಗಿ ಮನೆಗೆ ಹೋಗಿ ಒಂದು ರಾತ್ರಿ ಉಳಿದೆ. ಬೆಳಿಗ್ಗೆ ಮೊದಲ ಬಸ್ಸು ಬರಲೇ ಇಲ್ಲ. ಅಂಗಡಿಯ ಫೋನಿನಿಂದ ಡೈರಿಗೆ ಮಾಡಿದರೆ ಅಕ್ಕ ಸಿಡುಕಿದಳು.

"ಎಲ್ಲಿದ್ದೀಯೇ ತಾಯಿ? ಎಲ್ಲಾರ ಎದ್ರಿಗೇ ಡಿಗ್ರಿ ನೋಡಿ ಬರ್ಕೊಂಡಿವ್ನಿ. ಕಂಪ್ಯೂಟರ್ರು ತುಂಬ್ಕೊಳ್ಳಾಕಿಲ್ಲ ಅಂತದೆ. ಚೀಟಿ ಇಲ್ದೆ ಗಾಡಿಯವ್ನು ಕ್ಯಾನ್ ಮುಟ್ಟಾಕಿಲ್ಲ. ಬೇಗ ಪಾಸ್‌ವರ್ಡ್ ಏಳು."

ಗಾಡಿ ಹೊರಟುಬಿಟ್ಟರೆ ಊರಿನ ಹಾಲೆಲ್ಲ ಮಧ್ಯಾಹ್ನಕ್ಕೆ ಒಡೆಯುತ್ತದೆ. ಅದು ನನಗೂ ಗೊತ್ತು. ಆದರೂ ಆ ಹೆಸರು ಹೇಳುವುದು ಹೇಗೆ?

"ಅದ ಏಳಾಕಾಗಲ್ಲ ಅಕ್ಕಾ."

"ನಾನೇನು ನಿನ್ನ ಡಿಗ್ರಿ ತಿದ್ಬುಡ್ತೀನಾ?"

"ಅಂಗಲ್ಲ ಅಕ್ಕಾ. ನಮ್ಮನೆಯವ್ರನ್ನ ಕೇಳಿ."

ಅಂದು ನನ್ನ ಬದಲು ಹಾಲು ತಂದಿದ್ದ ನಿಮ್ಮ ತಾತ ಸಾಲಿನಲ್ಲೇ ನಿಂತಿದ್ದರು. ಅಕ್ಕ ಫೋನು ಕೈಯಲ್ಲಿ ಹಿಡಿದೇ ಕೂಗಿದ್ದು ನನಗೆ ಕೇಳಿಸಿತು. "ನಿನ್ನೆಂಡ್ತಿ ಪಾಸ್‌ವರ್ಡ್ ಏಳಾಕಾಗಲ್ಲ ಅಂತಾಳೆ, ನಿನ್ನ ಕೇಳ್ಬೇಕಂತಪ್ಪ."

"ನಂಗೇನ್ ಗೊತ್ತು? ಮನೇಲಿ ಉಪ್ಪು ಎಲ್ಲದೆ ಅಂತಲೇ ನಂಗೊತ್ತಿಲ್ಲ" ಎಂದರು ತಾತ.

ಹಿಂದಿನಿಂದ ಯಾರೋ ಮುದುಕಿ ನಗುತ್ತ ಹೇಳಿದರು: "ಗೊತ್ತದೆ, ಆದ್ರೆ ಬಾಯಲ್ಲಿ ಏಳಾಕಾಗಲ್ಲ ಅಂದ್ರೆ ಇನ್ನೇನಿದ್ದಾತು? ನಿನ್ನೆಸ್ರೇ ಕಣ್ಲಾ ಅದು. ಒತ್ತವ್ವ, ನೋಡಾನ."

ಕೊಂಚ ಹೊತ್ತು ಗುಂಡಿ ಒತ್ತುವ ಸದ್ದು. ಆಮೇಲೆ ಸಾಲಿಗೆ ಸಾಲೇ ನಕ್ಕ ಸದ್ದು. ಗಾಡಿ ಹಾಲು ತೆಗೆದುಕೊಂಡು ಹೋಯಿತು. ನಾನು ಮಾತ್ರ ಅಂಗಡಿಯವನಿಗೆ ಮುಖ ತೋರಿಸಲಾರದೆ ಫೋನು ಇಟ್ಟು ಸೆರಗು ಎಳೆದುಕೊಂಡೆ.

ಮರುದಿನ ಡೈರಿಗೆ ಹೋದವಳು ಮೊದಲು ಮಾಡಿದ ಕೆಲಸ ಪಾಸ್‌ವರ್ಡ್ ಬದಲಿಸಿದ್ದು. ಊರಿಗೆಲ್ಲ ಗೊತ್ತಾದ ಮೇಲೆ ಡಿಗ್ರಿಯ ಅಧಿಕಾರ ನನ್ನೊಬ್ಬಳದಾಗಿ ಉಳಿಯುತ್ತದೆಯೇ? ನಾನು ಒತ್ತುವಾಗ ಅಕ್ಕ ಕೂಡ ನೋಡದಂತೆ ಆಚೆ ಮುಖ ಮಾಡಿ ನಿಂತಳು.

ಆ ಸಂಜೆ ಹಾಲು ಕರೆಯುತ್ತಿದ್ದಾಗ ತಾತ ಕೊಟ್ಟಿಗೆಯ ಬಾಗಿಲಿಗೆ ಒರಗಿ ನಿಂತರು. ಮೀಸೆಯೊಳಗೇ ನಗು.

"ಇಷ್ಟು ದಿನ ಊರ ಆಲೆಲ್ಲ ನನ್ನೆಸ್ರಲ್ಲೇ ಓಗ್ತಿತ್ತು ಅನ್ನು."

ನಾನು ಕರೆಯುವುದನ್ನು ನಿಲ್ಲಿಸಲಿಲ್ಲ.

"ಈಗ ಯಾರೆಸ್ರು ಇಟ್ಟಿದ್ದೀಯೆ?"

"ಏಳ್ಬಾರ್ದು ಅಂತ ಮೈಸೂರವ್ರೇ ಏಳವ್ರೆ."

"ನಂಗೂವಾ?"

"ನಿಮ್ಗೂವೆ."

ಎಮ್ಮೆಯತ್ತ ನೋಡಿ ಕೇಳಿದರು: "ಎಮ್ಮೆ ಎಸ್ರಾ?"

"ಎಮ್ಮೆ ಎಸ್ರ ದಿನಾ ಕೂಗ್ತೀನಲ್ಲ, ಅದನ್ಯಾಕೆ ಇಡ್ಲಿ?" ಎಂದೆ.